ಸೋಡಾಪುಡಿ ಜ್ವಾಲಾಮುಖಿ ಸಾಕಾಯ್ತು, ಈ ಸಲ ನಿಜವಾದ್ದೇನಾದ್ರೂ ಮಾಡೋಣ: ದಾವಣಗೆರೆ, ದುರ್ಗದವರು ಸ್ವಲ್ಪ ತಲೆ ಓಡಿಸಿ

ಸೀಮೆಸುಣ್ಣ · ಜನವರಿ 19, ರಾತ್ರಿ 9:40

ಎಲ್ರಿಗೂ ನಮಸ್ಕಾರ. ದಾವಣಗೆರೆಯಿಂದ ಸ್ವಲ್ಪ ಆಚೆ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡ್ತೀನಿ. ಫೆಬ್ರವರಿ 28ಕ್ಕೆ ವಿಜ್ಞಾನ ದಿನ, ಅದರ ಬಾಲ ಹಿಡಿದು ವಸ್ತುಪ್ರದರ್ಶನ. ಹನ್ನೊಂದು ವರ್ಷದಿಂದ ಅದೇ ನೋಡ್ತಿದೀನಿ. ಥರ್ಮಾಕೋಲ್ ಸೌರವ್ಯೂಹ, ಸೋಡಾಪುಡಿಗೆ ನಿಂಬೆಹುಳಿ ಹಿಂಡಿ ಕೆಂಪು ನೊರೆ ಉಕ್ಕಿಸೋ ಜ್ವಾಲಾಮುಖಿ, ಮಳೆನೀರು ಕೊಯ್ಲಿನ ಮನೆ. ಆ ಮನೆಗೆ ಯಾಕೋ ಯಾವಾಗ್ಲೂ ಹಸಿರು ಬಣ್ಣವೇ. ಪಕ್ಕದಲ್ಲಿ ಬಾಯಿಪಾಠ ಮಾಡಿದ ಹುಡುಗಿ ಒಂದೇ ಉಸಿರಿಗೆ ಒಪ್ಪಿಸ್ತಾಳೆ. ನಡುವೆ ಯಾರಾದ್ರೂ ಬಾಯಿ ಹಾಕಿದ್ರೆ ಮತ್ತೆ 'ಮಾನ್ಯ ಅತಿಥಿಗಳೇ'ಯಿಂದ ಶುರು.

ಹೋದ ತಿಂಗಳು ಮಕ್ಕಳನ್ನ ಒಂದು ವಿಜ್ಞಾನ ಮ್ಯೂಸಿಯಂಗೆ ಕರ್ಕೊಂಡು ಹೋಗಿದ್ದೆ. ಹೆಸರು ಬೇಡ ಬಿಡಿ. ಹತ್ತು ಗುಂಡಿ ಒತ್ತಿದ್ರೆ ನಾಲ್ಕು ಕೆಲಸ ಮಾಡ್ತಿದ್ವು. ಉಳಿದವಕ್ಕೆ 'ದುರಸ್ತಿಯಲ್ಲಿದೆ' ಅನ್ನೋ ಚೀಟಿ, ಆ ಚೀಟಿಯೇ ಹಳದಿ ತಿರುಗಿತ್ತು. ಒಳಗೆ ಆಕಳಿಸ್ತಾ ಓಡಾಡಿದ ಮಕ್ಕಳು ಹೊರಗೆ ಬಂದ ಮೇಲೆ ಒಂದು ಕಡೆ ಜಪ್ಪಯ್ಯ ಅಂದ್ರೂ ಕದಲಲಿಲ್ಲ. ತೋಟಕ್ಕೆ ನೀರು ಬಿಡೋ ಪೈಪು ಒಡೆದು ತುಂತುರು ಚಿಮ್ಮುತ್ತಿತ್ತು. ಸಂಜೆ ನಾಲ್ಕರ ಬಿಸಿಲು. ಅದರಲ್ಲೊಂದು ಕಾಮನಬಿಲ್ಲು. ಒಬ್ಬ ಹುಡುಗ ಎರಡು ಹೆಜ್ಜೆ ಪಕ್ಕಕ್ಕೆ ಹೋದ, ನಿಂತ, ಮತ್ತೆ ಹೋದ. 'ಸಾರ್, ಇದು ನನ್ನ ಜೋಡಿನೇ ಬರ್ತೈತಿ' ಅಂದ. ಕೋಟಿಗಟ್ಟಲೆ ಸುರಿದ ಕಟ್ಟಡದೊಳಗೆ ಆಗದ್ದು ಒಡೆದ ಪೈಪಿನ ಹತ್ರ ಆಯ್ತು.

ನಮ್ಮ ಶಾಲೆಯಲ್ಲಿ ಒಂದು ಹಳೇ ದಾಸ್ತಾನು ಕೋಣೆ ಖಾಲಿ ಇದೆ. ಹಂಚಿನ ಮಾಡು, ಪಡುವಣಕ್ಕೆ ಒಂದೇ ಕಿಟಕಿ, ಎರಡು ಪ್ಲಗ್ಗು. ಖರ್ಚಿಗೆ ಎಂಟು ಸಾವಿರ ರೂಪಾಯಿ, ಅದರಲ್ಲಿ ಮೂರು ನನ್ನ ಜೇಬಿಂದು. ಗಾಳಿ, ಮಂಜು, ಮರಳು, ಸದ್ದು, ಇಂಥವೇ ಕಣ್ಣೆದುರು ಆಟ ಆಡೋ ಹಾಗೆ, ನೋಡೋಕೂ ಚಂದ ಇರೋ ಹಾಗೆ ಏನಾದ್ರೂ ಮಾಡಬಹುದಾ? ಎಲ್ಲಾದ್ರೂ ನೋಡಿದವರಿದ್ದೀರಾ?

ಅಂಕಪಟ್ಟಿ · ಜನವರಿ 19, ರಾತ್ರಿ 10:15

ಮೇಷ್ಟ್ರೇ, ತಪ್ಪು ತಿಳೀಬೇಡಿ. ನಾನೂ ಮೂವತ್ತೆರಡು ವರ್ಷ ಪಾಠ ಮಾಡಿ ನಿವೃತ್ತನಾದವನು. ಹತ್ತನೇ ಕ್ಲಾಸಿನ ಪರೀಕ್ಷೆ ಮುಂದಿದೆ, ನೀವು ಮಂಜು ಬಿಡ್ತೀನಿ ಅಂತೀರಿ. ಸೋಡಾ ಜ್ವಾಲಾಮುಖಿಯಲ್ಲಿ ಕೊನೇಪಕ್ಷ ಆಮ್ಲ-ಪ್ರತ್ಯಾಮ್ಲ ಇದೆ, ಎರಡು ಅಂಕದ ಪ್ರಶ್ನೆಯಾದ್ರೂ ಬರುತ್ತೆ.

ಎರಡನೇ_ಶಿಫ್ಟ್ · ಜನವರಿ 19, ರಾತ್ರಿ 11:52

ಅಂಕಪಟ್ಟಿ ಸರ್ ಹೇಳಿದ್ದು ಸರಿಯೇ. ಅದು ಆಮ್ಲದ ಪಾಠ. ಹಾಗಾದ್ರೆ ಅದಕ್ಕೆ ಗುಡ್ಡದ ವೇಷ ಯಾಕೆ? ಜ್ವಾಲಾಮುಖಿಯ ಒಳಗೆ ಸೋಡಾನೂ ಇಲ್ಲ, ನಿಂಬೆಹಣ್ಣೂ ಇಲ್ಲ.

ಮೇಷ್ಟ್ರೇ, ನಾನು ಕೆಲಸದ ಮೇಲೆ ಎರಡು ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದೆ. ಅಲ್ಲಿ ಎಕ್ಸ್‌ಪ್ಲೊರೇಟೋರಿಯಂ ಅಂತ ಒಂದು ವಿಜ್ಞಾನ ಮ್ಯೂಸಿಯಂ ಇದೆ. 1969ರಲ್ಲಿ ಫ್ರಾಂಕ್ ಓಪನ್‌ಹೈಮರ್ ಶುರು ಮಾಡಿದ್ದು. ಅಣುಬಾಂಬಿನ ರಾಬರ್ಟ್ ಓಪನ್‌ಹೈಮರ್ ಅವರ ತಮ್ಮ. ಈತನೂ ಅದೇ ಯೋಜನೆಯಲ್ಲಿ ಕೆಲಸ ಮಾಡಿದ ಭೌತವಿಜ್ಞಾನಿ. 1949ರಲ್ಲಿ ಹಳೇ ರಾಜಕೀಯದ ನೆಪದಲ್ಲಿ ವಿಶ್ವವಿದ್ಯಾಲಯದ ಕೆಲಸ ಹೋಯ್ತು. ಕೊಲರಾಡೋದಲ್ಲಿ ಹತ್ತಿರ ಹತ್ತು ವರ್ಷ ದನ ಸಾಕಿಕೊಂಡಿದ್ದ. ಆಮೇಲೆ ಅಲ್ಲೇ ಒಂದು ಹಳ್ಳಿಗಾಡಿನ ಹೈಸ್ಕೂಲಲ್ಲಿ ವಿಜ್ಞಾನದ ಮೇಷ್ಟ್ರಾದ. ಮ್ಯೂಸಿಯಂ ಕಟ್ಟಿದ್ದು ಅದೆಲ್ಲ ಆದ ಮೇಲೆ. ಅಂದ್ರೆ ನಿಮ್ಮ ಜಾತಿಯವನೇ.

1974ರಿಂದ ಅಲ್ಲಿಗೆ ಕಲಾವಿದರನ್ನ ಕರೆಸಿ ಕೂರಿಸ್ಕೊಂಡ್ರು. ಚಿತ್ರ ಬರೀಲಿ ಅಂತಲ್ಲ, ಗಾಳಿ ನೀರು ಬೆಳಕು ಇಟ್ಕೊಂಡು ಕೆಲಸ ಮಾಡ್ಲಿ ಅಂತ. ಅವರಲ್ಲಿ ನೆಡ್ ಕಾನ್ ಒಬ್ಬ. ಅವನು ಮಾಡಿದ ಸುಂಟರಗಾಳಿ ನೋಡೋಕೆ ನಾನು ಟಿಕೆಟ್ ತಗೊಂಡು ನಾಲ್ಕು ಸಲ ಹೋಗಿದೀನಿ. ನಾಲ್ಕು ಮೂಲೆಗೆ ಕಂಬ, ಮೇಲೆ ಎಳೆಯೋ ಫ್ಯಾನು, ಕೆಳಗೆ ಮಂಜು. ಆಳೆತ್ತರದ ಬಿಳೀ ಹಗ್ಗದ ಥರ ತಿರುಚಿಕೊಂಡು ಏಳುತ್ತೆ. ಒಳಗೆ ಕೈ ಹಾಕಿದ್ರೆ ಹರಿದು ಹೋಗುತ್ತೆ, ಕೈ ತೆಗೆದ್ರೆ ಒಂದೆರಡು ಉಸಿರಲ್ಲಿ ಮತ್ತೆ ಕಟ್ಟಿಕೊಳ್ಳುತ್ತೆ. ಅದು ಸುಂಟರಗಾಳಿಯ ಗೊಂಬೆ ಅಲ್ಲ, ಚಿಕ್ಕದೊಂದು ಸುಳಿಗಾಳಿಯೇ. ಬೇಸಿಗೆಯಲ್ಲಿ ನಮ್ಮ ಮೈದಾನದಲ್ಲಿ ಕಾಗದ ಎತ್ಕೊಂಡು ಹೋಗುತ್ತಲ್ಲ, ಅದರ ಬಳಗದ್ದು. ಕಟ್ಟಿದವನ ಕೈಯಲ್ಲೂ ಅದರ ಆಕಾರ ಇಲ್ಲ. ಅವನು ಜಾಗ ಕೊಟ್ಟಿದಾನೆ, ಉಳಿದದ್ದು ಗಾಳಿ ನೋಡ್ಕೊಳ್ಳುತ್ತೆ. ನನಗೆ ಅದರಲ್ಲಿ ಹಿಡಿಸಿದ್ದು ಇದೇ.

ಇನ್ನೊಬ್ಬರು ಜಪಾನಿನ ಫುಜಿಕೊ ನಕಾಯ. ಮಂಜನ್ನೇ ಶಿಲ್ಪ ಮಾಡಿದ ಹೆಂಗಸು. 1970ರ ಒಸಾಕಾ ಮೇಳದಲ್ಲಿ ಒಂದು ಇಡೀ ಕಟ್ಟಡವನ್ನ ಮಂಜಲ್ಲಿ ಮುಚ್ಚಿದ್ರು. ಹೊಗೆಯಲ್ಲ, ರಾಸಾಯನಿಕ ಅಲ್ಲ, ಬರೀ ನೀರು, ಭಾರೀ ಒತ್ತಡದಲ್ಲಿ ಸೂಜಿತೂತಿನಿಂದ ಚಿಮ್ಮಿಸಿದ್ದು. 2013ರಲ್ಲಿ ಎಕ್ಸ್‌ಪ್ಲೊರೇಟೋರಿಯಂ ಬಂದರುಕಟ್ಟೆಗೆ ಸ್ಥಳಾಂತರ ಆದಾಗ ಅಲ್ಲಿನ ಕಾಲುಸೇತುವೆಗೂ ಇದೇ ಮಾಡಿದ್ರು. ಗಾಳಿ ಬೀಸಿದ ಕಡೆ ಸೇತುವೆಯೇ ಮಾಯ. ಅವರಪ್ಪ ಉಕಿಚಿರೊ ನಕಾಯ 1936ರಲ್ಲಿ ಪ್ರಯೋಗಶಾಲೆಯೊಳಗೆ ಮೊದಲ ಸಲ ಹಿಮದ ಹರಳು ಬೆಳೆಸಿದ ವಿಜ್ಞಾನಿ. ಹರಳು ಹಿಡಿಯೋಕೆ ಏನೇನೋ ಎಳೆ ಕಟ್ಟಿ ನೋಡಿ, ಕೊನೆಗೆ ಮೊಲದ ಕೂದಲಿನ ಮೇಲೆ ಹಿಡೀತು. ಅಪ್ಪನಿಗೆ ಹಿಮ, ಮಗಳಿಗೆ ಮಂಜು.

ಎಂಟು ಸಾವಿರಕ್ಕೆ ಸೇತುವೆ ಮಾಯ ಮಾಡೋಕಾಗಲ್ಲ. ಸುಂಟರಗಾಳಿ ಆಗುತ್ತೆ ಅನ್ಸುತ್ತೆ.

ತಗಡಿನ_ಕೆಲಸ · ಜನವರಿ 20, ಬೆಳಗ್ಗೆ 6:58

ಕಂಬದ ಅಳತೆ ಹಾಕ್ರಣ್ಣ. ಫ್ರೇಮ್ ನಾನು ಹೊಡ್ಕೊಡ್ತೀನಿ, ಮಜೂರಿ ಬೇಡ. ನನ್ ಮಗಳೂ ಅದೇ ಸಾಲಿಗೆ ಬರ್ತಾಳೆ, ಮೇಷ್ಟ್ರಿಗೆ ಗೊತ್ತಿಲ್ಲ ಅಷ್ಟೆ.

ಭಟ್ಟಿ_ಹುಡುಗ · ಜನವರಿ 20, ಮಧ್ಯಾಹ್ನ 1:20

ಮರಳು ಅಂದ್ರಲ್ಲ ಸರ್, ನಮ್ಮನೇದು ಮಂಡಕ್ಕಿ ಭಟ್ಟಿ. ಮೂರು ತಲೆಮಾರು. ಭಟ್ಟಿ ಮರಳು ಅಂದ್ರೆ ಹೊಳೆ ಮರಳಿನಂಗಲ್ಲ ಅದು. ಕಾದು ಕಾದು, ಬಾಣಲೀಲಿ ಉಳ್ಳಾಡಿ ಉಳ್ಳಾಡಿ ಕಾಳು ನುಣ್ಣಗೆ ಆಗಿರ್ತೈತಿ, ಬಣ್ಣ ಕಪ್ಪು. ಮುಷ್ಟೀಲಿ ಹಿಡಿದ್ರೆ ನೀರಿನಂಗೆ ಸೋರ್ತೈತಿ. ಅಕ್ಕಿ ಬಿದ್ದ ಗಳಿಗೆಗೆ ಒಳಗಿನ ನೀರು ಆವಿ ಆಗಿ ಸಿಡಿದು ಉಬ್ಬೋದು ಇದೇ ಮರಳಿನ ಕಾವಿಗೆ. ಅರ್ಧ ಚೀಲ ತಂದು ಹಾಕ್ತೀನಿ, ಏನಾರ ಮಾಡ್ರಿ. ವಾಪಸ್ ಬೇಕು ಮತ್ತೆ, ಅಪ್ಪ ಲೆಕ್ಕ ಇಡ್ತಾನೆ.

ಎರಡನೇ_ಶಿಫ್ಟ್ · ಜನವರಿ 20, ರಾತ್ರಿ 8:05

ಭಟ್ಟಿ ತಮ್ಮ, ನೀನು ಚಿನ್ನದ ಗಣಿ. ಎರಡು ಗಾಜಿನ ಹಲಗೆ ತಗೊಳ್ಳಿ, ನಡುವೆ ಬೆರಳಿಗಿಂತ ಸಣ್ಣ ಸಂದು ಬಿಟ್ಟು ಮೂರು ಕಡೆ ಮುಚ್ಚಿ. ಕಪ್ಪು ಮರಳಿಗೆ ಅಷ್ಟೇ ಅಳತೆಯ ದಪ್ಪ ಸಕ್ಕರೆ ಹಾಕಿ ಚೆನ್ನಾಗಿ ಕಲಸಿ. ಆಮೇಲೆ ಮೇಲಿನ ಒಂದು ಮೂಲೆಯಿಂದ ಸಣ್ಣಗೆ ಸುರೀರಿ. ನೋಡಿದ್ದನ್ನ ಇಲ್ಲಿ ಬಂದು ಬರೀರಿ. ನಾನು ಮೊದಲೇ ಹೇಳಲ್ಲ.

ಭಟ್ಟಿ_ಹುಡುಗ · ಜನವರಿ 22, ರಾತ್ರಿ 10:31

ಅಣ್ಣಾ, ಇದೇನಣ್ಣಾ. ಮೊಬೈಲ್ ಅಂಗಡಿಯ ಶೋಕೇಸಿನ ಎರಡು ಹಳೇ ಗಾಜು ಜೋಡಿಸಿ ಸುರಿದೆ. ಕಲಸಿ ಹಾಕಿದ್ದು ತಾನೇ ಬೇರೆ ಆಗ್ತೈತಿ! ಗುಡ್ಡೆ ಏಳ್ತೈತಿ, ತುದಿ ಕಡಿದಾಗ್ತೈತಿ, ಜರ್ ಅಂತ ಜಾರ್ತೈತಿ, ಜಾರಿದ ಸಲ ಒಂದು ಕಪ್ಪು ಗೆರೆ ಒಂದು ಬಿಳೀ ಗೆರೆ. ಮತ್ತೆ ಏಳ್ತೈತಿ, ಮತ್ತೆ ಜಾರ್ತೈತಿ. ಇಳಕಲ್ ಸೀರೆ ಸೆರಗು ನೇಯ್ದಂಗೆ. ಅಂಗಡಿಗೆ ಬಂದ ಗಿರಾಕಿ ಸ್ಕ್ರೀನ್‌ಗಾರ್ಡ್ ಹಾಕ್ಸೋದು ಬಿಟ್ಟು ಇದನ್ನೇ ನೋಡ್ತಾ ನಿಂತ್ರು.

ಎರಡನೇ_ಶಿಫ್ಟ್ · ಜನವರಿ 22, ರಾತ್ರಿ 11:10

ಸಕ್ಕರೆ ಹರಳು ದಪ್ಪ, ಮೂಲೆ ಮೂಲೆ, ಅದಕ್ಕೆ ಅದರ ಗುಡ್ಡೆ ಕಡಿದಾಗಿ ನಿಲ್ಲುತ್ತೆ. ನಿನ್ನ ಮರಳು ಸಣ್ಣದು, ನುಣುಪು. ಜಾರುವಾಗ ದಪ್ಪ ಕಾಳು ಮೇಲೆ ಮೇಲೆ ಉರುಳಿ ಮುಂದೆ ಹೋಗುತ್ತೆ, ಸಣ್ಣದು ಸಂದಿಯಲ್ಲಿ ಇಳಿದು ಹಿಂದೆ ಉಳಿಯುತ್ತೆ. ಹೀಗೆ ತಾನಾಗೇ ಪದರ ಕಟ್ಟೋದನ್ನ ಭೌತವಿಜ್ಞಾನಿಗಳು ವಿವರವಾಗಿ ಪ್ರಕಟಿಸಿದ್ದು 1997ರಲ್ಲಿ, ಅಂದ್ರೆ ಮೊನ್ನೆ ಮೊನ್ನೆ. ಮಂಡಕ್ಕಿ ಭಟ್ಟಿಯ ಮರಳಲ್ಲಿ ಯಾರೂ ಮಾಡಿರಲಿಕ್ಕಿಲ್ಲ.

ದುರ್ಗದ_ಗಾಳಿ · ಜನವರಿ 23, ಬೆಳಗ್ಗೆ 7:45

ದಾವಣಗೆರೆಯವರೇ ಎಲ್ಲಾ ಮಾಡಿಬಿಟ್ರೆ ಹೆಂಗೆ? ನಾನು ಚಿತ್ರದುರ್ಗದವನು. ಬೋರ್‌ವೆಲ್ ಪಾಯಿಂಟ್ ತೋರಿಸೋ ಕೆಲಸ ಬಹಳ ವರ್ಷ ಮಾಡಿದೀನಿ, ಕಲ್ಲಿನ ಹುಚ್ಚು. ಸೋಡಾ ಜ್ವಾಲಾಮುಖಿ ಅಂತ ಬೈತಿದೀರಲ್ಲ, ನಮ್ಮ ಜಿಲ್ಲೆಯಲ್ಲಿ ನಿಜವಾದ್ದೇ ಬಿದ್ದಿದೆ. ಮರಡಿಹಳ್ಳಿ. ದುರ್ಗದಿಂದ ಆಗ್ನೇಯಕ್ಕೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದಾರೆ. ದಿಂಬಿನ ಲಾವಾ. ದಿಂಬು ಒಟ್ಟಿದ ಹಾಗೆ ಕಲ್ಲು, ಒಂದರ ಮೇಲೊಂದು.

ಸುಮಾರು 250 ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಲಾವಾ ಉಕ್ಕಿತು. ತಣ್ಣೀರು ತಾಗಿದ ಕೂಡಲೇ ಹೊರಗೆ ಗಾಜಿನಂಥ ಸಿಪ್ಪೆ ಕಟ್ಟಿತು, ಒಳಗಿನ್ನೂ ಕುದಿ. ಒತ್ತಡ ತಡೀಲಾರದೆ ಸಿಪ್ಪೆ ಒಂದು ಕಡೆ ಒಡೆದು ಇನ್ನೊಂದು ದಿಂಬು ಹುಟ್ಟಿತು. ಹೊಸ ದಿಂಬು ಮೆತ್ತಗಿರೋವಾಗಲೇ ಹಳೇ ಎರಡು ದಿಂಬಿನ ನಡುವಿನ ತಗ್ಗಿಗೆ ಇಳಿದು ಕೂರುತ್ತೆ. ಹಾಗಾಗಿ ಮೇಲ್ಭಾಗ ಉಬ್ಬು, ಕೆಳಗೆ ಚೂಪು. ಆಮೇಲೆ ಭೂಮಿ ಅದನ್ನ ಮಡಚಿ ತಿರುಗಿಸಿ ಹಾಕಿದ್ರೂ ಚೂಪು ನೋಡಿ ಅವತ್ತು ಯಾವ ಕಡೆ ಕೆಳಗಿತ್ತು ಅಂತ ಹೇಳಬಹುದು. ಸಾವಿರ ಅಡಿ ಕೊರೆದ್ರೂ ನೀರು ಬೀಳದ ಊರಲ್ಲಿ ನಿಂತು 'ಇದು ಸಮುದ್ರದ ತಳ ಆಗಿತ್ತು' ಅಂದ್ರೆ ರೈತರು ನನ್ನ ಮುಖ ಮುಖ ನೋಡ್ತಾರೆ.

ಇದನ್ನ ಮಾಡಿ ತೋರಿಸಬಹುದು. ಮೇಣ ಕರಗಿಸಿ ತಣ್ಣೀರಿಗೆ ಬಿಡಿ.

ಸೀಮೆಸುಣ್ಣ · ಜನವರಿ 25, ಸಂಜೆ 5:30

ದುರ್ಗದ ಸರ್, ಮೇಣ ಬಿಟ್ಟೆವು. ತೇಲಿತು. ಲಾವಾ ಸಮುದ್ರದ ಮೇಲೆ ದೋಣಿ ಥರ ಹೋಗ್ತಿತ್ತು. ಹುಡುಗರು ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಮೇಣಕ್ಕಿಂತ ನೀರು ಭಾರ ಅನ್ನೋದು ಅವರಿಗೆ ಇನ್ನು ಜನ್ಮದಲ್ಲಿ ಮರೆಯಲ್ಲ, ಅದೊಂದು ಲಾಭ.

ದುರ್ಗದ_ಗಾಳಿ · ಜನವರಿ 25, ಸಂಜೆ 6:02

ಅಯ್ಯೋ! ವಿದೇಶದ ಪ್ರಯೋಗಶಾಲೆಯವರು ನೀರಲ್ಲಿ ಮುಳುಗೋ ಬೇರೆ ಜಾತಿ ಮೇಣ ಬಳಸ್ತಾರೆ. ಅದು ನಮಗೆಲ್ಲಿ ಸಿಗಬೇಕು.

ಸಂಜೆಮಲ್ಲಿಗೆ · ಜನವರಿ 25, ರಾತ್ರಿ 9:15

ನಾನು ಇಲ್ಲಿ ಓದೋದೇ ಹೆಚ್ಚು, ಬರೆಯೋದು ಕಮ್ಮಿ. ಒಂದು ಮಾತು ಹೇಳ್ಲಾ ಅಣ್ಣಂದಿರೇ? ಬೆಲ್ಲದ ಪಾಕ.

ಶೇಂಗಾ ಉಂಡೆಗೆ ಪಾಕ ಬಂತಾ ಅಂತ ಹೆಂಗೆ ನೋಡ್ತೀವಿ? ಬಟ್ಟಲಲ್ಲಿ ತಣ್ಣೀರಿಟ್ಟು ಒಂದು ಹನಿ ಬಿಡ್ತೀವಿ. ಎಳೆಪಾಕ ಆದ್ರೆ ಕರಗಿ ಹೋಗುತ್ತೆ. ಉಂಡೆಪಾಕ ಆದ್ರೆ ತಳಕ್ಕೆ ಹೋಗಿ ಕೂತ್ಕೊಳ್ಳುತ್ತೆ, ಮೇಲೆ ಗಟ್ಟಿ, ಬೆರಳಲ್ಲಿ ಒತ್ತಿದ್ರೆ ಒಳಗೆ ಮೆತ್ತಗೆ. ನೀವು ಬರೆದಿರೋ ಸಿಪ್ಪೆ, ಕುದಿ ಎಲ್ಲಾ ಓದಿದಾಗ ನನಗೆ ನಮ್ಮಮ್ಮನ ಬಟ್ಟಲೇ ಕಣ್ಣಿಗೆ ಬಂತು. ಇವತ್ತು ಸಂಜೆ ಮಾಡೇ ನೋಡಿದೆ. ಗಾಜಿನ ಜಾರಲ್ಲಿ ಫ್ರಿಜ್ಜಿನ ನೀರು, ಸೌಟಿಂದ ಸಣ್ಣ ಧಾರೆ. ಮೊದಲನೇದು ಚಪ್ಪಟೆ ಬಿತ್ತು, ಎರಡನೇದು ಅದರ ಮೇಲೆ ಉಬ್ಬಿ ಕೂತ್ಕೊಂಡ್ತು, ಮೂರನೇದು ಎರಡರ ನಡುವಿನ ತಗ್ಗಿಗೆ ಇಳೀತು. ಧಾರೆ ನಿಲ್ಲಿಸದೆ ಬಿಟ್ರೆ ಒಂದು ಉಂಡೆಯ ಪಕ್ಕ ಹರಿದು ಮರಿ ಉಂಡೆ ಹೊರಗೆ ಬರುತ್ತೆ.

ಎರಡು ಎಚ್ಚರ: ಪಾಕ ಕೈಗೆ ತಾಗಿದ್ರೆ ಎಣ್ಣೆಗಿಂತ ಕೆಟ್ಟದು, ಅಂಟಿಕೊಂಡೇ ಸುಡುತ್ತೆ. ಸೌಟು ದೊಡ್ಡೋರ ಕೈಲೇ ಇರಲಿ. ಮತ್ತೆ ನಾಲ್ಕೈದು ಸಲಕ್ಕೆ ನೀರು ಕಂದು ತಿರುಗುತ್ತೆ, ಬದಲಾಯಿಸ್ತಿರಬೇಕು.

ದುರ್ಗದ_ಗಾಳಿ · ಜನವರಿ 25, ರಾತ್ರಿ 9:21

ತಾಯಿ, ಮೂರನೇದು ತಗ್ಗಿಗೆ ಇಳೀತು ಅಂದ್ರಲ್ಲ, ಅದರ ಕೆಳಭಾಗ ಚೂಪಾಗಿತ್ತಾ?

ಸಂಜೆಮಲ್ಲಿಗೆ · ಜನವರಿ 25, ರಾತ್ರಿ 9:34

ತೆಗೆದು ನೋಡಿದೆ. ಚೂಪಾಗೇ ಇದೆ. ಈಗ ಮಗ ತಿಂತಿದಾನೆ.

ದುರ್ಗದ_ಗಾಳಿ · ಜನವರಿ 25, ರಾತ್ರಿ 9:36

ಮೂವತ್ತು ವರ್ಷ ಕಲ್ಲು ನೋಡಿದೀನಿ. ಮನೆಯಲ್ಲಿ ಪಾಕ ಬಂತಾ ಅಂತ ನೋಡೋ ಬಟ್ಟಲಿಗೆ ಒಂದು ದಿನ ಬಗ್ಗಿ ನೋಡ್ಲಿಲ್ಲ.

ಕರಣೆ · ಜನವರಿ 27, ರಾತ್ರಿ 8:50

ಸದ್ದಿನ ಬಗ್ಗೆ ಯಾರೂ ಮಾತಾಡಿಲ್ಲ. ನಾನು ಮೃದಂಗ ನುಡಿಸ್ತೀನಿ, ಅನ್ನ ಕೊಡೋದು ಬೇರೆ ಕೆಲಸ. ಫೆಬ್ರವರಿ 28 ಯಾಕೆ ವಿಜ್ಞಾನ ದಿನ? 1928ರಲ್ಲಿ ಆ ದಿನ ರಾಮನ್ ಪರಿಣಾಮ ಪತ್ತೆಯಾಯ್ತು ಅಂತ. ಎಲ್ಲರೂ ರಾಮನ್ ಅಂದ್ರೆ ಬೆಳಕು ಅಂತಾರೆ. ಆದ್ರೆ ಅವರಿಗೆ ಮೃದಂಗ, ತಬಲಾದ ಹುಚ್ಚೂ ಇತ್ತು. ಬರೀ ಚರ್ಮ ಬಿಗಿದ ವಾದ್ಯದ ನಾದ ಒಡ್ಡೊಡ್ಡಾಗಿ ಬರುತ್ತೆ, ನಮ್ಮ ಮೃದಂಗ ಮಾತ್ರ ತಂತಿ ವಾದ್ಯದ ಹಾಗೆ ಶ್ರುತಿಗೆ ನಿಲ್ಲೋದು ಯಾಕೆ ಅಂತ ಕೇಳಿಕೊಂಡ್ರು. ಉತ್ತರ ನಡುವಿನ ಕಪ್ಪು ಕರಣೆಯಲ್ಲಿದೆ. ಆ ಭಾರದಿಂದ ಉಪಸ್ವರಗಳು ಮೂಲಸ್ವರದ ಎರಡರಷ್ಟು, ಮೂರರಷ್ಟು ಹೀಗೆ ಲೆಕ್ಕಕ್ಕೆ ಬಂದು ಕೂರ್ತವೆ. 1934ರಲ್ಲಿ ಅವರು ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ, ನುಡಿಸಿ, ಮರಳು ಎಲ್ಲಿ ಸಾಲುಗಟ್ಟುತ್ತೆ ಅಂತ ಚಿತ್ರ ತೆಗೆದು ತೋರಿಸಿದ್ರು. ಹಲಗೆಯ ಮೇಲೆ ಇದನ್ನ ಮೊದಲು ವಿವರವಾಗಿ ಮಾಡಿದ್ದು ಜರ್ಮನಿಯ ಕ್ಲಾಡ್ನಿ, 1787ರಲ್ಲಿ.

ಮಾಡೋದು ಸುಲಭ. ಒಂದಡಿ ಚೌಕದ ತೆಳ್ಳನೆ ತಗಡು, ನಡುವಿಗೆ ಒಂದು ಬೋಲ್ಟು, ಅದನ್ನ ಹಳೇ ವೂಫರ್ ನೆತ್ತಿಗೆ ಕೂರಿಸಿ, ಮೊಬೈಲಿನಿಂದ ಒಂದೇ ಸ್ವರ ಕೊಡಿ. ಪುಡಿ ಉಪ್ಪು ಉದುರಿಸಿ. ಸ್ವರ ಏರಿಸ್ತಾ ಹೋದ ಹಾಗೆ ರಂಗೋಲಿ ಬದಲಾಗುತ್ತೆ. ನನ್ನ ಮೃದಂಗವನ್ನೂ ತರ್ತೀನಿ, ಆದ್ರೆ ಅದಕ್ಕೆ ಉಪ್ಪು ಹಾಕಿದ್ರೆ ಕೈ ಮುರೀತೀನಿ. ಭಟ್ಟಿ ಮರಳು ಮಾತ್ರ.

ತಗಡಿನ_ಕೆಲಸ · ಜನವರಿ 30, ರಾತ್ರಿ 10:08

ತಗಡು ಆಯ್ತು, ರಂಗೋಲಿ ಬಂತು. ಆದ್ರೆ ಒಂದು ಎಡವಟ್ಟು. ಮಗಳು ಉಪ್ಪಿನ ಬದ್ಲು ರಾಗಿಹಿಟ್ಟು ಹಾಕಿದ್ಲು. ಉಪ್ಪು ಗೆರೆ ಮೇಲೆ ನಿಲ್ಲುತ್ತೆ, ಹಿಟ್ಟು ಉಲ್ಟಾ, ಗೆರೆ ಬಿಟ್ಟು ನಡೂ ಮನೇಲಿ ಸಣ್ಣ ಸಣ್ಣ ಗುಡ್ಡೆ ಕಟ್ಕೊಂಡು ಕುದೀತಾ ಕೂತ್ಕೊಳ್ಳುತ್ತೆ. ನಂದು ತಗಡು ಕೆಟ್ಟೈತಾ?

ಕರಣೆ · ಜನವರಿ 30, ರಾತ್ರಿ 10:40

ಕೆಟ್ಟಿಲ್ಲ ಅಣ್ಣ, ನಿಮ್ಮ ಮಗಳು ಫ್ಯಾರಡೆ ಆದ್ಲು. ಉಪ್ಪಿನ ಕಾಳು ಕುಣಿಯೋ ಜಾಗದಿಂದ ಎಗರಿ ಎಗರಿ, ಅಲುಗದ ಗೆರೆಯಲ್ಲಿ ಹೋಗಿ ಬೀಳುತ್ತೆ. ಹಿಟ್ಟು ಅಷ್ಟು ಹಗುರ, ಅದನ್ನ ತಗಡಿನ ಮೇಲಿನ ಗಾಳಿಯೇ ತಳ್ಳಿಕೊಂಡು ಹೋಗುತ್ತೆ. ಆ ಗಾಳಿಸುಳಿ ಹೆಚ್ಚು ಕುಣಿಯೋ ಕಡೆಗೇ ಹರಿಯುತ್ತೆ. 1831ರಲ್ಲಿ ಫ್ಯಾರಡೆ ಬಿಡಿಸಿದ ಒಗಟು ಇದು. ಎರಡನ್ನೂ ಕಲಸಿ ಒಟ್ಟಿಗೆ ಹಾಕಿ, ಬಿಳೀ ಗೆರೆ, ಕಂದು ಗುಡ್ಡೆ ಎರಡೂ ಒಂದೇ ಸಲ ಬರುತ್ತೆ.

ಪುಟ್ಟಪೂರಾ · ಜನವರಿ 31, ಬೆಳಗ್ಗೆ 11:00

ಪೈಪಿಗೆ ತೂತು ಹೊಡೆದು ಗ್ಯಾಸ್ ಬಿಟ್ಟು ಬೆಂಕಿ ಹಚ್ಚಿ ಹಾಡು ಹಾಕಿದ್ರೆ ಜ್ವಾಲೆ ಕುಣಿಯುತ್ತಲ್ಲ, ಅದೂ ಮಾಡಿ ಸಾರ್, ಸಖತ್ತಾಗಿರುತ್ತೆ.

ಸೀಮೆಸುಣ್ಣ · ಜನವರಿ 31, ಬೆಳಗ್ಗೆ 11:04

ಸಿಲಿಂಡರ್, ಹಂಚಿನ ಕೋಣೆ, ನೂರೈವತ್ತು ಮಕ್ಕಳು. ಇಲ್ಲಪ್ಪಾ.

ತಗಡಿನ_ಕೆಲಸ · ಫೆಬ್ರವರಿ 8, ರಾತ್ರಿ 11:30

ಸುಂಟರಗಾಳಿ ಕತೆ ಕೇಳ್ರಿ. ನಾಲ್ಕು ಪಿವಿಸಿ ಪೈಪು ಮೂಲೆಗೆ ನಿಲ್ಲಿಸಿ, ಸಾಲಾಗಿ ತೂತು ಹೊಡೆದು, ಕೆಳಗಿಂದ ಕುಲುಮೆ ಬ್ಲೋವರ್ ಜೋಡಿಸ್ದೆ. ಮೇಲೆ ಅಡುಗೆಮನೆ ಎಗ್ಸಾಸ್ಟು. ಬೇಸಿನ್ನಲ್ಲಿ ನೀರು, ಅದರೊಳಗೆ ಅಲಂಕಾರದ ಕಾರಂಜಿಗೆ ಹಾಕೋ ಮಂಜಿನ ಬಿಲ್ಲೆ. ಮೂರು ದಿನ ಏನೂ ಆಗ್ಲಿಲ್ಲ. ಮಂಜು ಸುಮ್ನೆ ಚೆಲ್ಲಾಪಿಲ್ಲಿ ಆಗಿ ಹೋಗ್ತಿತ್ತು. ಸಿಟ್ಟು ಬಂದು ಒಂದು ಪೈಪು ಒದ್ದೆ. ತಿರುಗ್ತು. ಆ ಕಡೆ ಮಂಜು ಸ್ವಲ್ಪ ಬಾಗ್ತು. ಆಗ ತಲೆಗೆ ಹೊಳೀತು. ತೂತೆಲ್ಲಾ ನಡುವಿಗೆ ಗುರಿ ಇಟ್ಟಿದ್ದೆ, ನಾಲ್ಕು ಕಡೆ ಗಾಳಿನೂ ಎದುರಾಬದ್ರು ಹೊಡೆದಾಡ್ತಿದ್ವು. ನಾಲ್ಕೂ ಪೈಪು ಒಂದೇ ದಿಕ್ಕಿಗೆ ಒಂಚೂರು ಓರೆ ಮಾಡ್ದೆ, ಒಬ್ರು ಇನ್ನೊಬ್ರ ಹೆಗಲು ನೋಡ್ದಂಗೆ. ಬ್ಲೋವರ್ ಅರ್ಧಕ್ಕೆ ಇಳಿಸ್ದೆ.

ಎದ್ದು ನಿಂತ್ಕೊಂಡ್ತು. ನನ್ನ ಎದೆಮಟ್ಟ. ಹೆಂಡ್ತಿ ಮಕ್ಕಳ್ನೆಲ್ಲಾ ಶೆಡ್ಡಿಗೆ ಕರೆದು ತೋರಿಸ್ದೆ. ಕರೆಂಟ್ ಹೋಯ್ತು. ಬರೋ ತನಕ ಯಾರೂ ಮನೆಗೆ ಹೋಗ್ಲಿಲ್ಲ.

ಸೀಮೆಸುಣ್ಣ · ಫೆಬ್ರವರಿ 10, ಸಂಜೆ 4:50

ಕಾಮನಬಿಲ್ಲು ಮಾತ್ರ ಕೈಕೊಡ್ತಿದೆ. ಎಲ್ಲಾ ಶುರುವಾಗಿದ್ದೇ ಅದರಿಂದ. ಅದೇ ಮಂಜಿನ ಬಿಲ್ಲೆ ಅಂಗಳದಲ್ಲಿಟ್ಟು, ಬಿಸಿಲಿಗೆ ಬೆನ್ನು ಮಾಡಿ ನಿಂತರೂ ಬಿಳೀ ಮಬ್ಬು ಬಿಟ್ಟರೆ ಬಣ್ಣವೇ ಇಲ್ಲ.

ಎರಡನೇ_ಶಿಫ್ಟ್ · ಫೆಬ್ರವರಿ 10, ರಾತ್ರಿ 9:00

ಹನಿ ಬಹಳ ಸಣ್ಣದಾಯ್ತು ಮೇಷ್ಟ್ರೇ. ಮಂಜಿನ ಹನಿಯಷ್ಟು ಚಿಕ್ಕದಾದ್ರೆ ಪ್ರತಿ ಬಣ್ಣದ ಪಟ್ಟಿನೂ ಅಗಲ ಆಗಿ ಒಂದರ ಮೇಲೊಂದು ಬಿದ್ದು ಬೆಳ್ಳಗಾಗುತ್ತೆ. ಮಲೆನಾಡಲ್ಲಿ ಬೆಳಗಿನ ಮಂಜಲ್ಲಿ ಬಿಳೀ ಬಿಲ್ಲು ಕಾಣೋದು ಇದಕ್ಕೇ. ನಿಮಗೆ ಬೇಕಿರೋದು ದಪ್ಪ ಹನಿ. ತೋಟಕ್ಕೆ ಔಷಧಿ ಹೊಡೆಯೋ ಪಂಪು ಹೊಸದೊಂದು ತಗೊಳ್ಳಿ. ಹೊಸದೇ ಇರಲಿ, ಬಳಸಿದ್ದು ಎಷ್ಟು ತೊಳೆದ್ರೂ ಬೇಡ.

ಇನ್ನೊಂದು, ಹೊತ್ತು. ಬಿಲ್ಲು ನಿಮ್ಮ ತಲೆಯ ನೆರಳಿನ ಸುತ್ತ 42 ಡಿಗ್ರಿಯಲ್ಲಿ ನಿಲ್ಲುತ್ತೆ. ಸೂರ್ಯ ಅದಕ್ಕಿಂತ ಮೇಲಿದ್ರೆ ಬಿಲ್ಲು ನೆಲದೊಳಗೆ ಹೋಯ್ತು ಅಂತ ಲೆಕ್ಕ. ಕೋನಮಾಪಕ ಬೇಡ, ನಿಮ್ಮ ನೆರಳು ನಿಮಗಿಂತ ಒಂದು ಗೇಣು ಉದ್ದ ಆಗೋವರೆಗೆ ಕಾಯಿರಿ. ಫೆಬ್ರವರಿ ಕೊನೆಗೆ ನಮ್ಮ ಕಡೆ ಮಧ್ಯಾಹ್ನ ಮೂರೂವರೆ ಹೊತ್ತಿಗೆ ಆಗುತ್ತೆ. ಎತ್ತರಕ್ಕೆ ಹತ್ತಿ ಕೆಳಗಿನ ತುಂತುರು ನೋಡಿದ್ರೆ ನಡುಮಧ್ಯಾಹ್ನವೂ ಕಾಣಬಹುದು, ಆದ್ರೆ ನಿಮ್ಮ ಹಂಚಿನ ಮೇಲೆ ಮಕ್ಕಳನ್ನ ಹತ್ತಿಸಬೇಡಿ.

ಅಂಕಪಟ್ಟಿ · ಫೆಬ್ರವರಿ 17, ರಾತ್ರಿ 8:12

ಎಲ್ಲಾ ಓದ್ತಾ ಬಂದಿದೀನಿ. ನೆರಳಿನ ಲೆಕ್ಕ ಚೆನ್ನಾಗಿದೆ, ನಮ್ಮ ಕಾಲಕ್ಕೆ ಗೊತ್ತಿದ್ದಿದ್ರೆ ತ್ರಿಕೋನಮಿತಿಗೆ ಬಳಸ್ತಿದ್ದೆ. ಆದ್ರೆ ವಿವರಣೆಯ ಬೋರ್ಡು ಎಲ್ಲಿ? ಬೋರ್ಡಿಲ್ಲದಿದ್ರೆ ಇದು ಜಾತ್ರೆ.

ಎರಡನೇ_ಶಿಫ್ಟ್ · ಫೆಬ್ರವರಿ 17, ರಾತ್ರಿ 8:30

ಬೋರ್ಡು ಬೇಡವೇ ಬೇಡ. ದೊಡ್ಡ ಅಕ್ಷರದಲ್ಲಿ ಉತ್ತರ ಬರೆದು ತಲೆ ಮೇಲೆ ನೇತುಹಾಕಿದ್ರೆ ಮಕ್ಕಳು ಬೋರ್ಡು ನೋಟ್‌ಬುಕ್ಕಿಗೆ ಇಳಿಸಿಕೊಂಡು ಮುಂದಕ್ಕೆ ಹೋಗ್ತಾರೆ. ಸುಂಟರಗಾಳಿ ಕಡೆ ತಿರುಗಿಯೂ ನೋಡಲ್ಲ.

ಅಂಕಪಟ್ಟಿ · ಫೆಬ್ರವರಿ 17, ರಾತ್ರಿ 8:47

ನೋಡಿ ಬೆರಗಾದ್ರೆ ಸಾಕೇನ್ರೀ? ಬೆರಗು ದೇವಸ್ಥಾನದಲ್ಲೂ ಸಿಗುತ್ತೆ, ಸರ್ಕಸ್ಸಿನಲ್ಲೂ ಸಿಗುತ್ತೆ. ನಾವು ಮೇಷ್ಟ್ರುಗಳು.

ಸಂಜೆಮಲ್ಲಿಗೆ · ಫೆಬ್ರವರಿ 17, ರಾತ್ರಿ 9:20

ಪಾಕ ಕಲಿಸುವಾಗ ನಮ್ಮಮ್ಮ ಮೊದಲು ಬಟ್ಟಲಿಗೆ ಹನಿ ಬಿಡ್ಸೋಳು, ಆಮೇಲೆ ಯಾಕೆ ಅಂತ ಹೇಳೋಳು. ಹೇಳದೇ ಏನೂ ಬಿಟ್ಟಿರಲಿಲ್ಲ.

ಸೀಮೆಸುಣ್ಣ · ಫೆಬ್ರವರಿ 18, ಬೆಳಗ್ಗೆ 6:30

ಅಕ್ಕ ಹೇಳಿದ್ದೇ ಮಾಡ್ತೀನಿ. ಪ್ರತಿಯೊಂದಕ್ಕೂ ಒಂದು ರಟ್ಟು. ಮುಂದೆ ಬರೀ ಏನು ಮಾಡಬೇಕು ಅಂತ: 'ಮೂಲೆಯಿಂದ ನಿಧಾನ ಸುರಿ', 'ಕೈ ಅಡ್ಡ ಇಡು, ತೆಗೆ'. ಯಾಕೆ ಅನ್ನೋದು ಹಿಂದೆ, ರಟ್ಟು ತಿರುಗಿಸಿದ್ರೆ ಮಾತ್ರ ಕಾಣುತ್ತೆ. ಎಕ್ಸ್‌ಪ್ಲೊರೇಟೋರಿಯಂ ರಟ್ಟಿನಲ್ಲೂ 'ಮಾಡಿ, ಗಮನಿಸಿ' ಮೊದಲು, 'ಏನಾಗ್ತಿದೆ' ಆಮೇಲೆ ಅಂತ ಶಿಫ್ಟ್ ಅವರೇ ಫೋನಲ್ಲಿ ಒಪ್ಪಿಕೊಂಡ್ರು. ಹಾಗಾದ್ರೆ ಬೋರ್ಡು ಬೇಡವೇ ಬೇಡ ಅಂತ ನಮ್ಮ ಹತ್ರ ಜಗಳ ಆಡಿದ್ದು ಯಾಕೋ. ಅಂಕಪಟ್ಟಿ ಸರ್, ಹಿಂದಿನ ಬರಹ ತಿದ್ದಿಕೊಡೋ ಕೆಲಸ ನಿಮ್ಮದು. ತಪ್ಪಿಸಿಕೊಳ್ಳೋ ಹಾಗಿಲ್ಲ.

ಅಂಕಪಟ್ಟಿ · ಫೆಬ್ರವರಿ 18, ಬೆಳಗ್ಗೆ 6:41

ಕಳಿಸಿ. ಕಾಗುಣಿತ ತಪ್ಪಿದ್ರೆ ಬಿಡಲ್ಲ.

ಭಟ್ಟಿ_ಹುಡುಗ · ಫೆಬ್ರವರಿ 27, ಬೆಳಗ್ಗೆ 8:15

ಸರ್, ಅರ್ಜೆಂಟ್. ನಿನ್ನೆ ಸಂಜೆ ಮರಳಿನ ಗಾಜು ತಂದು ಕೋಣೇಲಿ ಇಟ್ಟಿದ್ನಲ್ಲ. ಬೆಳಗ್ಗೆ ಬಾಗಿಲು ತೆಗೆದ್ರೆ ಇಡೀ ಗಾಜು ಓಡಾಡ್ತೈತಿ. ಇರುವೆ! ಒಂದೊಂದು ಇರುವೆ ಒಂದೊಂದು ಸಕ್ಕರೆ ಹರಳು ಹೊತ್ಕೊಂಡು ಗೋಡೆ ಸಂದಿಗೆ ಸಾಲು. ಕಪ್ಪು-ಬಿಳಿ ಗೆರೆಯಲ್ಲಿ ಬಿಳೀದು ಅರ್ಧ ಖಾಲಿ. ಇದೂ ಪ್ರಕೃತಿ ವಿದ್ಯಮಾನನೇ ಅಂತ ಹಂಗೇ ಬಿಡೋದಾ?

ಸಂಜೆಮಲ್ಲಿಗೆ · ಫೆಬ್ರವರಿ 27, ಬೆಳಗ್ಗೆ 8:22

ಕಲ್ಲುಪ್ಪು ಕುಟ್ಟಿ ಜರಡಿ ಹಿಡಿದು ಹಾಕಿ. ಸಕ್ಕರೆಯಷ್ಟೇ ದಪ್ಪ ಬರಲಿ, ಪುಡಿ ಬೇಡ.

ಭಟ್ಟಿ_ಹುಡುಗ · ಫೆಬ್ರವರಿ 27, ಸಂಜೆ 7:40

ಉಪ್ಪು ಗೆದ್ದಿತಕ್ಕಾ. ಸಕ್ಕರೆಯಷ್ಟು ಹೊಳಪಿಲ್ಲ, ಆದ್ರೂ ಗೆರೆ ಕುಡುಗೋಲಲ್ಲಿ ಕೊಯ್ದಂಗೆ ಬರ್ತೈತಿ.

ಸೀಮೆಸುಣ್ಣ · ಫೆಬ್ರವರಿ 28, ರಾತ್ರಿ 10:20

ಮುಗೀತು. ಕಾಲು ಬಿದ್ದು ಹೋಗಿವೆ, ಆದ್ರೂ ಬರೆದೇ ಮಲಗ್ತೀನಿ.

ಸುಂಟರಗಾಳಿ ಬೆಳಗ್ಗೆ ಹನ್ನೊಂದರ ತನಕ ಏಳಲೇ ಇಲ್ಲ. ಕಿಟಕಿ ಗಾಳಿ ಅಡ್ಡ ಬರ್ತಿತ್ತು. ಕಿಟಕಿಗೆ ಜಮಖಾನ ಕಟ್ಟಿದ ಮೇಲೆ ಎದ್ದದ್ದು ಮಧ್ಯಾಹ್ನದವರೆಗೂ ನಿಂತಿತ್ತು. ತಗಡಿನ ಅಣ್ಣನ ಮಗಳು ಪಕ್ಕದಲ್ಲಿ ನಿಂತು ಯಾರಿಗೂ ಏನೂ ಹೇಳ್ಲಿಲ್ಲ, ಕೈ ಅಡ್ಡ ಇಡೋಕೆ ಜಾಗ ಬಿಡ್ತಿದ್ಲು ಅಷ್ಟೇ. ರಾಗಿಹಿಟ್ಟಿನ ತಗಡಿನ ಹತ್ರ ಗಲಾಟೆ. ಹುಡುಗರು ಸಿನಿಮಾ ಹಾಡು ಹಾಕಿದ್ರು, ರಂಗೋಲಿ ಕಲಸಿಹೋಯ್ತು. ಒಂದೇ ಸ್ವರ ಹಾಕಿದ್ರೆ ಮಾತ್ರ ನಿಲ್ಲುತ್ತೆ ಅಂತ ಅವರೇ ಕಂಡುಕೊಂಡ್ರು.

ದುರ್ಗದ ಸರ್ ಮರಡಿಹಳ್ಳಿಯ ಫೋಟೋಗಳನ್ನ ಮಾತ್ರ ತಂದಿದ್ರು. ಅಲ್ಲಿಂದ ಒಂದು ಚೂರೂ ಎತ್ತಬಾರದು ಅಂತ ಮೊದಲೇ ಹೇಳಿದ್ರು. ಅದರ ಪಕ್ಕ ಬೆಲ್ಲದ ತೊಟ್ಟಿ. ಒಬ್ಬ ಅಜ್ಜಿ ಫೋಟೋ ನೋಡಿ, ತೊಟ್ಟಿ ನೋಡಿ, 'ಪಾಕ ಒಂದು ಕುದಿ ಕಮ್ಮಿ ಆಗೈತಿ' ಅಂದ್ರು. ಸಂಜೆಮಲ್ಲಿಗೆ ಅಕ್ಕ ಇನ್ನೊಂದು ಕುದಿ ಕೊಟ್ಟ ಮೇಲೆ ದಿಂಬುಗಳು ಸರಿಯಾಗಿ ನಿಂತವು.

ತಪಾಸಣೆಗೆ ಬಂದ ಸಾಹೇಬರೊಬ್ಬರು ಇದೆಲ್ಲಾ ಯಾವ ಪಾಠಕ್ಕೆ ಸೇರುತ್ತೆ ಅಂತ ಕೇಳಿದ್ರು. ನಾನು ಬಾಯಿ ತೆರೆಯೋಷ್ಟರಲ್ಲಿ ಅಂಕಪಟ್ಟಿ ಸರ್ ರಟ್ಟು ತಿರುಗಿಸಿ, ಆಮ್ಲದ ಪಾಠ ಒಂದು ಬಿಟ್ಟು ಉಳಿದ ಎಲ್ಲಾ ಪಾಠದ ಹೆಸರು ಓದಿ ಹೇಳಿದ್ರು.

ಕಾಮನಬಿಲ್ಲು ಮೂರು ಮುಕ್ಕಾಲಿಗೆ ಬಂತು. ಎಲ್ಲರೂ ಅಂಗಳದಲ್ಲಿ ತಮ್ಮ ತಮ್ಮ ನೆರಳು ಅಳೀತಾ ಕಾಯ್ತಿದ್ರು. ಗಿಡ್ಡ ಮಕ್ಕಳು 'ನಮ್ಮದು ಬೇಗ ಉದ್ದ ಆಗುತ್ತೆ' ಅಂತ ವಾದ ಮಾಡಿದ್ರು. ಅಳೆದು ನೋಡಿದ್ರೆ ಎಲ್ಲರದ್ದೂ ಒಂದೇ ಹೊತ್ತಿಗೆ.

ಅಂಕಪಟ್ಟಿ · ಮಾರ್ಚ್ 1, ಬೆಳಗ್ಗೆ 6:15

ಪಂಪು ಹೊಡೆಯೋ ಹುಡುಗ ನನ್ನ ಅಂಗಿ ಪೂರ್ತಿ ತೋಯಿಸಿದ. ರಟ್ಟಿನ ಅಕ್ಷರ ಸಣ್ಣದಾಯ್ತು. ಮುಂದಿನ ವರ್ಷಕ್ಕೆ ಈಗಲೇ ಹೇಳ್ತಿದೀನಿ.

ಭಟ್ಟಿ_ಹುಡುಗ · ಮಾರ್ಚ್ 1, ಬೆಳಗ್ಗೆ 9:50

ಸರ್, ಅಪ್ಪ ಮರಳು ಕೇಳ್ತಿದಾನೆ. ಉಪ್ಪು ಇದ್ರೆ ಪರವಾಗಿಲ್ಲ, ಮಂಡಕ್ಕಿ ಅಕ್ಕಿಗೆ ಹೆಂಗೂ ಉಪ್ಪು ಹಾಕ್ತೀವಿ. ಆದ್ರೆ ಮೊದಲು ಕಲಸಿದ್ದ ಸಕ್ಕರೆ ಉಳಿದಿದ್ರೆ ಕಾದ ಬಾಣಲೀಲಿ ಕರಗಿ ಮರಳೆಲ್ಲಾ ಚಿಕ್ಕಿ ಆಗ್ತೈತಿ. ಏನು ಮಾಡೋದು?

ದುರ್ಗದ_ಗಾಳಿ · ಮಾರ್ಚ್ 1, ಬೆಳಗ್ಗೆ 10:02

ಮೂರು ನೀರು ತೊಳೀರಿ. ಎರಡೂ ಕರಗಿ ಹೋಗ್ತವೆ.

ಸೀಮೆಸುಣ್ಣ · ಮಾರ್ಚ್ 1, ಮಧ್ಯಾಹ್ನ 12:40

ತೊಳೆದು ಅಂಗಳದಲ್ಲಿ ಬಿಸಿಲಿಗೆ ಹರವಿದೀನಿ. ಭಾನುವಾರ, ರಜೆ. ಆದ್ರೂ ಮೂರು ಹುಡುಗರು ಬಂದು ಕಾವಲಿಗೆ ಕೂತಿದಾರೆ. ಒಣಗಿದಷ್ಟನ್ನ ಗುಡ್ಡೆ ಮಾಡೋದು, ಜಾರಿಸೋದು, ಮತ್ತೆ ಗುಡ್ಡೆ ಮಾಡೋದು. ಅಪ್ಪನಿಗೆ ಸಂಜೆ ಆಗುತ್ತೆ ಅಂತ ಹೇಳು.